ಮಗ್ಗಿ ಲೆಕ್ಕ ಬಂದರೆ ಆಟದ ಮಜಾನೇ ಹೋಗುತ್ತದೆ, ಏನು ಮಾಡಲಿ?

ಶ್ರೀನಿವಾಸಪುರದ ಮೇಷ್ಟ್ರು:
ನಾಲ್ಕನೇ ಕ್ಲಾಸಿಗೆ ಹಾವು-ಏಣಿ ಮಾಡಿದ್ದೇನೆ. ಏಣಿ ಹತ್ತಬೇಕಾದರೆ ಒಂದು ಗುಣಾಕಾರ ಹೇಳಬೇಕು. ದಾಳ ಉರುಳಿಸುವಾಗ ಗಲಾಟೆಯೋ ಗಲಾಟೆ. ಲೆಕ್ಕ ಬಂತು ಅಂದರೆ ಮುಖ ಸಪ್ಪೆ. ಪಕ್ಕದವನ ಉತ್ತರ ಒದರಿ ಮುಂದೆ ಹೋಗುತ್ತಾರೆ.

ಕೋಲಾರದ ಅಕ್ಕ:
ಸರ್, ನಿಮ್ಮ ಲೆಕ್ಕ ಆಟದೊಳಗೆ ಇಲ್ಲ, ಟೋಲ್ ಗೇಟ್ ಥರ ಅಡ್ಡ ನಿಂತಿದೆ. ಹಾವು-ಏಣಿ ಬರೀ ಅದೃಷ್ಟ, ಮಗು ಯೋಚಿಸುವುದಕ್ಕೆ ಏನೂ ಇಲ್ಲ. ಅಳಗುಳಿ ಮಣೆ ನೋಡಿ. 14 ಗುಳಿ. ಯಾವ ಗುಳಿಯ ಕಾಳು ಎತ್ತಿದರೆ ಎಲ್ಲಿ ಮುಗಿಯುತ್ತದೆ ಅಂತ ಎಣಿಸದೆ ಗೆಲ್ಲುವುದು ಕಷ್ಟ. ನಮ್ಮಜ್ಜಿ ಸ್ಕೂಲಿನ ಮುಖ ನೋಡಿದವರಲ್ಲ, ಅವರನ್ನು ಸೋಲಿಸಿ ನೋಡೋಣ!

ನಿಮಗೆ ಗುಣಾಕಾರ ಬೇಕಲ್ವಾ? ಟೊಮೇಟೊ ಮಂಡಿ ಆಟ ಮಾಡಿ. ಬಾಕ್ಸಿನ ರೇಟು ದಾಳದಲ್ಲಿ ಬೀಳಲಿ. ಮಾರಬೇಕೋ ಕಾಯಬೇಕೋ ಮಗುವೇ ಹೇಳಲಿ. ಕಾದರೆ ಪ್ರತಿ ಸುತ್ತಿಗೆ ಒಂದು ಬಾಕ್ಸು ಕೊಳೆಯುತ್ತದೆ. ಎಷ್ಟು ಬಂತು ಅಂತ ಅವರೇ ಗುಣಿಸುತ್ತಾರೆ, ದುಡ್ಡಿನ ವಿಷಯ ಅಲ್ವಾ.

ಗೌರಿಬಿದನೂರಿನವನು:
ಟೈಮರ್ ಮಾತ್ರ ಇಡಬೇಡಿ. ನಿಧಾನದ ಮಕ್ಕಳು ಸುಮ್ನೆ ಹೆದರುತ್ತಾರೆ.

ಶ್ರೀನಿವಾಸಪುರದ ಮೇಷ್ಟ್ರು:
ಕೊಳೆಯುವುದು ಇಷ್ಟವಾಯ್ತು ಅಕ್ಕ! ನಮ್ಮೂರಿಗೆ ಮಾವಿನಹಣ್ಣೇ ಸರಿ. ಮಂಡಿ ಕಮಿಷನ್ನೂ ಕಳೆಯಲು ಹೇಳಲಾ, ಇಲ್ಲ ಜಾಸ್ತಿ ಆಯ್ತಾ?