ಸಹಾಯ ಬೇಕು: ಲೆಕ್ಕದಲ್ಲಿ ಲಾಭ, ಗಲ್ಲಾಪೆಟ್ಟಿಗೆ ಖಾಲಿ

ಬೆಳಗಾವಿಯಲ್ಲಿ ನಮ್ಮದೊಂದು ಸಣ್ಣ ಫೌಂಡ್ರಿ. ಪಂಪ್ ತಯಾರಿಸುವ ಕಂಪನಿಯೊಂದಕ್ಕೆ ಎರಕದ ಬಿಡಿಭಾಗ ಕೊಡುತ್ತೇವೆ. ಕರಾರಿನಲ್ಲಿ 45 ದಿನ ಎಂದಿದ್ದರೂ ಹಣ ಬರುವುದು ನಾಲ್ಕು ತಿಂಗಳಿಗೆ. ಅಷ್ಟರಲ್ಲಿ ಆ ಬಿಲ್ಲಿನ ಜಿಎಸ್‌ಟಿಯನ್ನು ನಾವೇ ಕಟ್ಟಿರುತ್ತೇವೆ. ಬೀಡುಕಬ್ಬಿಣದವರು ನಗದು ಕೇಳುತ್ತಾರೆ, ಕರೆಂಟ್ ಬಿಲ್ಲಂತೂ ಕಾಯುವುದಿಲ್ಲ. ಬಂದ ಲಾಭದ ಬಹುಪಾಲನ್ನು ಓವರ್‌ಡ್ರಾಫ್ಟ್ ಬಡ್ಡಿಯೇ ನುಂಗುತ್ತಿದೆ.

2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆಯಂತೆ 45 ದಿನ ಮೀರಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳಬಹುದು, ಗೊತ್ತು. ಕೇಳಿದ ಮರುದಿನವೇ ಆರ್ಡರ್ ಬೇರೆಯವರ ಪಾಲಾಗುತ್ತದೆ, ಅದೂ ಗೊತ್ತು!

ಟ್ರೆಡ್ಸ್ ವೇದಿಕೆಯಲ್ಲಿ (ಖರೀದಿದಾರ ಒಪ್ಪಿದ ಬಿಲ್ಲಿನ ಮೇಲೆ ಬ್ಯಾಂಕುಗಳು ಸ್ವಲ್ಪ ಹಿಡಿದುಕೊಂಡು ಮೊದಲೇ ಹಣ ಕೊಡುವ ಆನ್‌ಲೈನ್ ವ್ಯವಸ್ಥೆ) ಬಿಲ್ ಕೊಟ್ಟು ಮುಂಚೆಯೇ ಹಣ ಪಡೆದವರು ಯಾರಾದರೂ ಇದ್ದೀರಾ? ಕಡಿತ ಎಷ್ಟಾಯಿತು? ಖರೀದಿದಾರರನ್ನು ಒಪ್ಪಿಸಿದ್ದು ಹೇಗೆ? ಬೇಗ ಪಾವತಿಸಿದರೆ ಶೇ 2 ರಿಯಾಯಿತಿ ಕೊಡೋಣವೆಂದು ತಮ್ಮ ಹೇಳುತ್ತಾನೆ, ನನಗೆ ನಂಬಿಕೆಯಿಲ್ಲ. ಅನುಭವಸ್ಥರು ದಯವಿಟ್ಟು ತಿಳಿಸಿ.