ದೋಣಿಗೆ ಡಿಸಿ ಮೋಟರಾ, ಎಸಿಯಾ?

ಹರಿಗೋಲು: 6 ಮೀಟರ್ ದೋಣಿ, 48 ವೋಲ್ಟ್ 200 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿ, ಓಡಾಟ ಉಪ್ಪುನೀರಲ್ಲಿ. ಶಾಫ್ಟಿಗೆ 4 ಕಿಲೋವ್ಯಾಟ್ ಬೇಕು. ಬ್ರಷ್ (ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ತುಂಡು) ಇರುವ ಡಿಸಿ ಹಾಕಲಾ, ಮೂರು ಫೇಸಿನ ಎಸಿ ಹಾಕಲಾ? ನಿಂತಲ್ಲಿಂದ ಹೊರಡೋಕೆ ಡಿಸಿಗೇ ಟಾರ್ಕ್ (ತಿರುಗಿಸುವ ಬಲ) ಜಾಸ್ತಿ ಅಂತಾರಲ್ಲ?

ತಾಮ್ರತಂತಿ: ಆ ಟಾರ್ಕ್ ಮಾತು ಗಾಡಿಗೆ ಸರಿ, ದೋಣಿಗಲ್ಲ. ಪ್ರೊಪೆಲ್ಲರ್‌ಗೆ ಬೇಕಾಗುವ ಪವರ್ ಹೆಚ್ಚುಕಮ್ಮಿ ಆರ್‌ಪಿಎಂನ ಘನದಂತೆ ಏರುತ್ತದೆ. ಅರ್ಧ ಆರ್‌ಪಿಎಂಗೆ ಎಂಟನೇ ಒಂದು ಪಾಲು ಸಾಕು. ಹೊರಡುವಾಗ ಲೋಡೇ ಇಲ್ಲ ಅನ್ನಿ. ಆದರೆ ದೋಣಿಗೆ ಇಳಿಜಾರೂ ಇಲ್ಲ, ಗಂಟೆಗಟ್ಟಲೆ ಒಂದೇ ಸಮನೆ ಎಳೆಯಬೇಕು. ಹಾಗಾಗಿ ಪೀಕ್ ರೇಟಿಂಗ್ ಬಿಡಿ, ಕಂಟಿನ್ಯುಯಸ್ ರೇಟಿಂಗ್ (ಬಿಸಿಯೇರದೆ ಸತತ ಕೊಡಬಲ್ಲ ಪವರ್) ನೋಡಿ.

ಬ್ರಷ್ ಮೋಟರಿನ ದಕ್ಷತೆ 80% ಅಂತಿಟ್ಟುಕೊಂಡರೆ ಬ್ಯಾಟರಿಯಿಂದ 5 ಕಿಲೋವ್ಯಾಟ್ ಎಳೆಯುತ್ತೆ, ಅಂದರೆ ಸುಮಾರು 104 ಆಂಪಿಯರ್. ಮ್ಯಾಗ್ನೆಟ್ ಇರುವ ಎಸಿ 90% ಅಂದರೆ 4.44 ಕಿಲೋವ್ಯಾಟ್. ಬ್ಯಾಟರಿಯ 80% ಬಳಸಿದರೆ 92 ನಿಮಿಷಕ್ಕೆ ಬದಲು 104 ನಿಮಿಷ.

ಚುಕ್ಕಾಣಿ: 12 ನಿಮಿಷಕ್ಕೆ ಇಷ್ಟು ತಲೆನೋವು ಯಾಕೆ ಸರ್? ಡಿಸಿಗೆ ಎರಡು ದಪ್ಪ ಕೇಬಲ್ ಬಿಗಿದರೆ ಮುಗೀತು. ಎಸಿಯಲ್ಲಿ ಮ್ಯಾಗ್ನೆಟ್ಟಿನ ಪೋಲ್ ಜೋಡಿ ಎಷ್ಟು, ಸೆನ್ಸರ್ ಯಾವುದು ಅಂತ ಮೋಟರ್ ನಡೆಸುವ ಕಂಟ್ರೋಲರಿಗೆ ಹೇಳಿಕೊಡಬೇಕು. ಉಲ್ಟಾ ತಿರುಗ್ತಿದೆ ಅಂತ ಎರಡು ಫೇಸ್ ಮಾತ್ರ ಅದಲುಬದಲು ಮಾಡಿದರೆ ಹಾಲ್ ಸೆನ್ಸರ್ (ರೋಟರ್ ಎಲ್ಲಿದೆ ಅಂತ ತಿಳಿಸುವ ಸೆನ್ಸರ್) ಕ್ರಮ ತಪ್ಪಿ ಮೋಟರ್ ಗಡಗಡ ಅಂತ ಅದುರಿ ಆಂಪಿಯರ್ ನುಂಗುತ್ತೆ. ವಾರಕ್ಕೆರಡು ಗಂಟೆ ಓಡಿಸೋರಿಗೆ ಬ್ರಷ್ ಧಾರಾಳ ಸಾಕು.

ಮೆಗ್ಗರ್: ಸಿಹಿನೀರಾದರೆ ಒಪ್ಪುವ ಮಾತು. ಉಪ್ಪಿನ ತೇವಕ್ಕೆ ಬ್ರಷ್ಷಿನ ಕಾರ್ಬನ್ ಪುಡಿ ಸೇರಿದರೆ ವೈಂಡಿಂಗಿನಿಂದ ಮೋಟರಿನ ಹೊರಕವಚಕ್ಕೆ ಕರೆಂಟ್ ಲೀಕೇಜ್ ಶುರು. ಮೆಗ್ಗರಲ್ಲಿ (ಇನ್ಸುಲೇಷನ್ ಅಳೆಯುವ ಮೀಟರ್) 1 ಮೆಗಾಓಮ್‌ಗಿಂತ ಕೆಳಗೆ ತೋರಿಸಿದರೆ ಬಿಚ್ಚಿ ಪುಡಿ ತೆಗೆದು ಒಣಗಿಸಲೇಬೇಕು. ಅಳೆಯೋ ಮುಂಚೆ ಕಂಟ್ರೋಲರ್ ಕೇಬಲ್ ಕಳಚಿ, ಇಲ್ಲದಿದ್ದರೆ 500 ವೋಲ್ಟಿಗೆ ಅದೂ ಹೋಗುತ್ತೆ.

ತಾಮ್ರತಂತಿ: ಅದಕ್ಕಿಂತ ಅಪಾಯದ್ದು ಇನ್ನೊಂದಿದೆ. ಬ್ರಷ್ ಮೋಟರಿನ ಕಂಟ್ರೋಲರಲ್ಲಿ ಮಾಸ್‌ಫೆಟ್ (ಕರೆಂಟ್ ಆನ್-ಆಫ್ ಮಾಡುವ ಎಲೆಕ್ಟ್ರಾನಿಕ್ ಸ್ವಿಚ್) ಶಾರ್ಟ್ ಆದರೆ ಬ್ಯಾಟರಿ ನೇರ ಮೋಟರಿಗೆ ಸಿಕ್ಕಿ, ಥ್ರಾಟಲ್ ಸೊನ್ನೆಯಲ್ಲಿದ್ದರೂ ದೋಣಿ ಫುಲ್ ಸ್ಪೀಡಲ್ಲಿ ದಡಕ್ಕೆ ನುಗ್ಗುತ್ತೆ. ಮೂರು ಫೇಸಲ್ಲಿ ಅದೇ ಆದರೆ ಮೋಟರ್ ಬಿಗಿಹಿಡಿದು ನಿಲ್ಲುತ್ತೆ.

ಚುಕ್ಕಾಣಿ: ಅದು ಮೇನ್ ಕಾಂಟ್ಯಾಕ್ಟರ್ (ಬ್ಯಾಟರಿಯ ಸಂಪರ್ಕ ಕಡಿಯುವ ದೊಡ್ಡ ರಿಲೇ ಸ್ವಿಚ್) ಹಾಕದವರ ಪಾಡು. ಯಾವ ಮೋಟರಾದರೂ ಕೈಗೆಟುಕುವ ಎಮರ್ಜೆನ್ಸಿ ಸ್ವಿಚ್, ಡಿಸಿ ಕರೆಂಟ್ ಕಡಿಯಬಲ್ಲ ಕಾಂಟ್ಯಾಕ್ಟರ್, ಕಂಟ್ರೋಲರಿನ ಕೆಪಾಸಿಟರನ್ನು ಮೊದಲು ನಿಧಾನವಾಗಿ ತುಂಬಿಸುವ ಪ್ರೀಚಾರ್ಜ್ ರೆಸಿಸ್ಟರ್ ಬೇಕೇ ಬೇಕು. ಪ್ರೀಚಾರ್ಜ್ ಬಿಟ್ಟರೆ ಕೆಪಾಸಿಟರ್ ತುಂಬುವ ಕರೆಂಟಿಗೆ ಕಾಂಟ್ಯಾಕ್ಟ್ ಬೆಸೆದುಕೊಳ್ಳುತ್ತೆ. ಡಿಸಿ ತಗೊಳ್ಳೋರು ಇನ್ನೆರಡು ನೋಡಿ: ಬ್ರಷ್ ಟೈಮಿಂಗ್ ಒಂದೇ ದಿಕ್ಕಿಗೆ ಅಡ್ವಾನ್ಸ್ ಮಾಡಿದ್ದರೆ (ಬ್ರಷ್ಷನ್ನು ಸ್ವಲ್ಪ ಸರಿಸಿ ಕೂರಿಸಿದ್ದರೆ) ರಿವರ್ಸಲ್ಲಿ ಕಿಡಿ ಹಾರುತ್ತೆ. ಫೋರ್ಕ್‌ಲಿಫ್ಟಿಂದ ಬಂದ ಸೀರೀಸ್ ಮೋಟರ್ (ಫೀಲ್ಡ್, ಆರ್ಮೇಚರ್ ಎರಡೂ ಸುರುಳಿಗೆ ಒಂದೇ ಕರೆಂಟ್ ಹರಿಯುವ ಬಗೆ) ಬೇಡ. ಕಪ್ಲಿಂಗ್ ಬಿಟ್ಟುಹೋದರೆ ಲೋಡಿಲ್ಲದೆ ವೇಗ ಏರುತ್ತಾ ಏರುತ್ತಾ ಆರ್ಮೇಚರ್ (ಮೋಟರಿನ ತಿರುಗುವ ಭಾಗ) ಸಿಡಿಯಬಹುದು.

ಹರಿಗೋಲು: ಅದೇ ಕೋಣೆಯಲ್ಲಿ ಸಣ್ಣ ಪೆಟ್ರೋಲ್ ಜನರೇಟರ್ ಇಡುವ ಯೋಚನೆ ಇದೆ. ತೊಂದರೆಯಾ?

ಮೆಗ್ಗರ್: ಮೊದಲೇ ಹೇಳಬೇಕಿತ್ತು ನೀವು! ಪೆಟ್ರೋಲ್ ಆವಿ ಗಾಳಿಗಿಂತ ಭಾರ, ದೋಣಿಯ ತಳದಲ್ಲೇ ಕೂರುತ್ತೆ. ಅಲ್ಲಿ ಬ್ರಷ್ ಕಿಡಿ ಅಂದರೆ ಸ್ಫೋಟ. ಎಸಿ ಹಾಕಿದರೂ ಕಾಂಟ್ಯಾಕ್ಟರ್ ಕಿಡಿ ಹೊಡೆಯುತ್ತೆ, ಅದು ಇಗ್ನಿಷನ್ ಪ್ರೊಟೆಕ್ಟೆಡ್ (ಕಿಡಿಯಿಂದ ಸುತ್ತಲಿನ ಆವಿಗೆ ಬೆಂಕಿ ತಗುಲದಂತೆ ಮಾಡಿದ್ದು) ಇರಲಿ.

ಚುಕ್ಕಾಣಿ: ಪೆಟ್ರೋಲ್ ಇದ್ದರೆ ನನ್ನ ಓಟೂ ಎಸಿಗೇ. ಹಾಲ್ ಸೆನ್ಸರ್ ಕನೆಕ್ಟರ್ ಮಾತ್ರ ನೀರು ಹೋಗದಂತೆ ಸೀಲ್ ಆಗಿರಲಿ, ಉಪ್ಪುನೀರಲ್ಲಿ ಮೊದಲು ಕೈಕೊಡೋದು ಅದೇ.