ಟಕ್ ಟಕ್ ಒಂದು, ಗುರ್ ಇನ್ನೊಂದು

ಅಳಿಯಾ, ನೀನು ಕಳಿಸಿದ ಎರಡೂ ರೆಕಾರ್ಡಿಂಗು ಇಯರ್‌ಫೋನ್ ಹಾಕ್ಕೊಂಡು ಮತ್ತೆ ಮತ್ತೆ ಕೇಳ್ದೆ. ಹಳೇ ಮ್ಯಾಸಿ 35 ಟ್ರ್ಯಾಕ್ಟರು ಟಕ್ ಟಕ್ ಅಂತಿದೆ, ಮೆಕ್ಯಾನಿಕ್ಕು ನಿಂತಲ್ಲೇ ಕೇಳಿ ಬೇರಿಂಗ್ ಹೋಗಿದೆ, ಎಂಜಿನ್ ಇಳಿಸ್ಬೇಕು ಅಂದ್ರು, ಏನ್ಮಾಡ್ಲಿ ಮಾವಾ ಅಂತ ಕೇಳಿದ್ದೀಯ. ಈಗ್ಲೇ ಇಳಿಸ್ಬೇಡ. ಅಕ್ಕಾ, ನೀನೂ ಗಾಬರಿ ಆಗ್ಬೇಡ. ಆ ಗಾಡಿ ಮೇಲೆ ಭಾವ ಇಟ್ಟಿರೋ ಪ್ರೀತಿ ನಂಗೊತ್ತು, ಅದಕ್ಕೇ ಇಷ್ಟುದ್ದ ಹೇಳ್ತಿದೀನಿ, ಪೂರ್ತಿ ಕೇಳಿಸ್ಕೊಳ್ಳಿ.

ಅದರಲ್ಲಿ ಎರಡು ಸದ್ದಿವೆ ಕಣೋ. ಎರಡನೇ ರೆಕಾರ್ಡಿಂಗಿನ ಮಧ್ಯೆ ನೀನು ಕ್ಲಚ್ ತುಳಿತೀಯ, ಪೆಡಲ್ ಕಿರ್ ಅನ್ನೋದು ಕೇಳುತ್ತೆ. ಅಷ್ಟೊತ್ತಿಗೆ ಹಿಂದಿಂದ ಬರ್ತಿದ್ದ ಗುರ್ ಅನ್ನೋ ಸದ್ದು ನಿಂತೋಗುತ್ತೆ. ಟಕ್ ಟಕ್ ಮಾತ್ರ ಹಾಗೇ ಇದೆ. ಅಂದ್ರೆ ಟಕ್ ಟಕ್ ಎಂಜಿನ್ನಿಂದು, ಗುರ್ ಅನ್ನೋದು ಕ್ಲಚ್ಚಿಂದ ಹಿಂದಿನದು. ಎರಡನ್ನೂ ಕಲಸಿ ಕೇಳಿದ್ರೆ ಯಾರಿಗಾದ್ರೂ ಎಂಜಿನ್ ಪೂರಾ ಹೋಗಿದೆ ಅಂತಾನೇ ಅನ್ಸುತ್ತೆ.

ಏನೇ ಮಾಡೋ ಮುಂಚೆ ಆಯಿಲ್ ನೋಡು. ಡಿಪ್‌ಸ್ಟಿಕ್ಕಲ್ಲಿ ಮಟ್ಟ ಎಷ್ಟಿದೆ, ಎಂಜಿನ್ ಬಿಸಿಯಾದ್ಮೇಲೆ ಆಯಿಲ್ ಒತ್ತಡ ತೋರಿಸೋ ಗೇಜಿನ ಮುಳ್ಳು ಎಲ್ಲಿ ನಿಲ್ಲುತ್ತೆ, ಎರಡೂ. ಬಿಸಿಯಾದ ಹಾಗೆ ಮುಳ್ಳು ತೀರಾ ಕೆಳಗಿಳಿದು, ಜೊತೆಗೆ ಲೋಡ್ ಬಿದ್ದಾಗ ಒಳಗಿಂದ ಧಬ್ ಧಬ್ ಅಂತ ದಪ್ಪ ಸದ್ದು ಬಂದ್ರೆ, ಆಗ ಮೆಕ್ಯಾನಿಕ್ ಹೇಳಿದ್ದೇ ಸರಿ. ತಕ್ಷಣ ಆಫ್ ಮಾಡು, ಆಯಿಲ್ ಬಿಳಿ ತಟ್ಟೆಗೆ ಇಳಿಸಿ ಬಿಸಿಲಲ್ಲಿ ನೋಡು, ಲೋಹದ ಚೂರು ಮಿನುಗಿದ್ರೆ ಬೇರಿಂಗ್ ಸವೆದಿದೆ. ಆದ್ರೆ ನಾನು ಕೇಳಿದ್ದು ದಪ್ಪ ಸದ್ದಲ್ಲ. ಸಣ್ಣದು, ಮೇಲಿಂದ ಬರೋ ಥರದ್ದು.

ಈಗ ಟಕ್ ಟಕ್ ವಿಷಯ. ನಿಮ್ಮದು ಪರ್ಕಿನ್ಸ್ ಕಂಪನಿಯ ಮೂರು ಸಿಲಿಂಡರಿನ ಎಂಜಿನ್ನು. ಈ ಮಾಡೆಲ್ಲಿಗೆ ಮೊದಲು ಸ್ಟ್ಯಾಂಡರ್ಡ್ ಅನ್ನೋ ಕಂಪನಿಯ ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್ ಬರ್ತಿತ್ತು, 1959ರ ಕೊನೆಯಲ್ಲಿ ಪರ್ಕಿನ್ಸ್ ಬಂತು. ಯಾರಾದ್ರೂ ಅಳತೆ ಹೇಳಿದ್ರೆ ಯಾವ ಎಂಜಿನ್ನಿಂದು ಅಂತ ಕೇಳ್ಕೋ. ಪಿಸ್ಟನ್ನುಗಳು ತಿರುಗಿಸೋ ಕೆಳಗಿನ ದೊಡ್ಡ ಶಾಫ್ಟು ಕ್ರ್ಯಾಂಕು, ವಾಲ್ವು ತೆರೆಸೋ ಶಾಫ್ಟು ಕ್ಯಾಮು. ಕ್ರ್ಯಾಂಕು ಎರಡು ಸುತ್ತು ತಿರುಗಿದ್ರೆ ಕ್ಯಾಮು ಒಂದೇ ಸುತ್ತು. ವಾಲ್ವು, ಸಿಲಿಂಡರಿಗೆ ಡೀಸೆಲ್ ಚಿಮ್ಮಿಸೋ ನಾಜಲ್ ಎಲ್ಲ ಆ ಒಂದು ಸುತ್ತಿಗೆ ಒಂದ್ಸಲ ಕೆಲಸ ಮಾಡ್ತವೆ. ಹಾಗಾಗಿ ಸದ್ದು ಯಾವ ವೇಗದಲ್ಲಿ ಬರ್ತಿದೆ ಅನ್ನೋದರಲ್ಲೇ ಅರ್ಧ ಉತ್ತರ ಇದೆ. ರೇಸ್ ಕೊಡದೆ ಸ್ಲೋನಲ್ಲಿ ಬಿಟ್ರೂ ಎಣಿಸೋಕಾಗಲ್ಲ, ಅದಕ್ಕೊಂದು ದಾರಿ ಇದೆ. ಪಂಪಿಂದ ನಾಜಲ್ಲಿಗೆ ಹೋಗೋ ಡೀಸೆಲ್ ಪೈಪು ಪೂರ್ತಿ ಒಣಗಿದೆಯಾ ನೋಡ್ಕೊಂಡು, ಎರಡು ಬೆರಳಲ್ಲಿ ಮೆಲ್ಲಗೆ ಹಿಡಿ. ನಾಡಿ ಹಿಡಿದ ಹಾಗೆ ಟಕ್ ಅಂತ ಬಡಿಯುತ್ತೆ. ಒಂದು ಬಡಿತಕ್ಕೆ ಒಂದು ಸದ್ದು ಬಂದ್ರೆ ಮೊದ್ಲು ವಾಲ್ವು, ನಾಜಲ್ ಕಡೆ ನೋಡ್ಬೇಕು. ಎರಡು ಸದ್ದು ಬಂದ್ರೆ ಅದು ಕ್ರ್ಯಾಂಕಿನ ವೇಗ, ಆಗ ಕೆಳಗಿನ ಭಾಗದ ಮೇಲೆ ಅನುಮಾನ ಪಡು. ಪೈಪು ಎಲ್ಲಾದ್ರೂ ಒದ್ದೆ ಇದ್ರೆ ಕೈ ಹಾಕ್ಲೇಬೇಡ. ಆ ಒತ್ತಡದಲ್ಲಿ ಚಿಮ್ಮೋ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತೆ, ಹಾಗೇನಾದ್ರೂ ಆದ್ರೆ ಗಾಯ ಎಷ್ಟು ಚಿಕ್ಕದಿದ್ರೂ ನೇರ ಆಸ್ಪತ್ರೆಗೇ ಹೋಗ್ಬೇಕು.

ಆಮೇಲೆ ಸ್ಲೋನಲ್ಲಿ ಓಡ್ತಿರುವಾಗ ನಾಜಲ್ ಮೇಲಿನ ಪೈಪಿನ ನಟ್ಟು ಒಂದೊಂದಾಗಿ ಸಡಿಲ ಮಾಡು. ಕೈಗೆ ದಪ್ಪ ಗ್ಲೌಸು, ಕಣ್ಣಿಗೆ ಕನ್ನಡಕ, ನಟ್ಟಿನ ಮೇಲೊಂದು ಬಟ್ಟೆ. ಆ ಸಿಲಿಂಡರು ಹೊಡಿಯೋದು ನಿಲ್ಲುತ್ತೆ. ಯಾವುದನ್ನ ಸಡಿಲಿಸಿದಾಗ ಸದ್ದು ಕಮ್ಮಿ ಆಗುತ್ತೋ ತೊಂದರೆ ಅಲ್ಲಿದೆ. ನಾಜಲ್ಲೋ ಬಿಗ್ ಎಂಡೋ (ಪಿಸ್ಟನ್ ರಾಡು ಕ್ರ್ಯಾಂಕಿಗೆ ಕೂರೋ ಕಡೆಯ ಬೇರಿಂಗು) ಗೊತ್ತಾಗ್ಬೇಕು ಅಂದ್ರೆ ಪಕ್ಕದ ಸಿಲಿಂಡರಿನ ನಾಜಲ್ಲು ಅದಲುಬದಲು ಮಾಡು. ಸದ್ದು ನಾಜಲ್ ಜೊತೆಗೇ ಜಾಗ ಬದಲಿಸಿದ್ರೆ ನಾಜಲ್ಲೇ ಕಳ್ಳ.

ಮೂರೂ ನಟ್ಟು ಸಡಿಲಿಸಿ ನೋಡಿದ್ರೂ ಸದ್ದು ಬದಲಾಗ್ಲಿಲ್ಲ ಅಂದ್ರೆ ಟ್ಯಾಪೆಟ್ ಕಡೆ ಬಾ, ಅಂದ್ರೆ ವಾಲ್ವಿಗೂ ಅದನ್ನ ಒತ್ತೋ ರಾಕರಿಗೂ ನಡುವಿನ ಗ್ಯಾಪು. ನಂಗೆ ಇಲ್ಲೇ ಹೆಚ್ಚು ಅನುಮಾನ. ಮೇಲಿನ ಕವರ್ ತೆಗೆದು, ಸ್ಲೋನಲ್ಲಿ ಓಡ್ತಿರುವಾಗಲೇ ಗ್ಯಾಪು ಅಳೆಯೋ ಫೀಲರ್ ಗೇಜಿನ ತೆಳು ಎಲೆ ಒಂದೊಂದು ರಾಕರಿಗೂ ವಾಲ್ವಿಗೂ ನಡುವೆ ತೂರಿಸು. ಎಲೆ ಹೋದ ಕೂಡಲೇ ಸದ್ದು ಮಾಯ ಆದ್ರೆ ಅದೇ ಟ್ಯಾಪೆಟ್ಟು. ಎಂಜಿನ್ ತಣ್ಣಗಿದ್ದಾಗ ಗ್ಯಾಪು 0.012 ಇಂಚು, ಮಿಲಿಮೀಟರಲ್ಲಿ 0.30. ಸರಿ ಮಾಡಿದ್ಮೇಲೂ ಬೇಗ ಸಡಿಲ ಆಗ್ತಿದ್ರೆ ರಾಕರ್ ಶಾಫ್ಟಿಗೆ ಆಯಿಲ್ ಏರ್ತಿದೆಯಾ, ರಾಕರನ್ನ ತಳ್ಳೋ ಪುಶ್ ರಾಡು ಬಗ್ಗಿದೆಯಾ ನೋಡು. ಸದ್ದು ಹೋಗ್ಲಿ ಅಂತ ಟ್ಯಾಪೆಟ್ಟು ಬಿಗಿಯಾಗಿ ಇಡ್ಬೇಡ, ಬಿಸಿಯಾದಾಗ ವಾಲ್ವು ಪೂರ್ತಿ ಮುಚ್ಚದೆ ಸುಟ್ಟೋಗುತ್ತೆ.

ನೀರಿನ ಪಂಪಿನ ಬೇರಿಂಗೂ ಕೆಲವೊಮ್ಮೆ ಹೀಗೇ ಮೋಸ ಮಾಡುತ್ತೆ. ಫ್ಯಾನ್ ಬೆಲ್ಟ್ ಬಿಚ್ಚಿ ಒಂದೇ ನಿಮಿಷ ಓಡಿಸಿ ಕೇಳಿಬಿಡು, ಅಷ್ಟು ಸಾಕು.

ಗುರ್ ಅನ್ನೋದಕ್ಕೆ ಈ ಗಾಡೀಲಿ ಒಂದು ಅನುಕೂಲ ಇದೆ. ನಿಮ್ಮದು ಡಬಲ್ ಕ್ಲಚ್ಚು. ಪೆಡಲ್ ಅರ್ಧ ತುಳಿದ್ರೆ ಗೇರ್ ಬಾಕ್ಸ್ ಮಾತ್ರ ಬಿಡುತ್ತೆ, ಪೂರ್ತಿ ತುಳಿದ್ರೆ ಪಿಟಿಒ, ಅಂದ್ರೆ ಹಿಂದೆ ಕಟ್ಟೋ ಉಪಕರಣ ತಿರುಗಿಸೋ ಶಾಫ್ಟೂ ನಿಲ್ಲುತ್ತೆ. ಹೈಡ್ರಾಲಿಕ್ ಪಂಪು ತಿರುಗೋದು ಪಿಟಿಒ ಕಡೆಯಿಂದ. ಅದಕ್ಕೆ ನ್ಯೂಟ್ರಲ್ಲಲ್ಲಿಟ್ಟು, ಪೆಡಲನ್ನ ನಿಧಾನಕ್ಕೆ ಇಳಿಸ್ತಾ ಕೇಳು. ಅರ್ಧಕ್ಕೇ ನಿಂತ್ರೆ ಗೇರ್ ಬಾಕ್ಸಿನ ಮುಂದಿನ ಬೇರಿಂಗು. ಪೂರ್ತಿ ಇಳಿದಾಗ್ಲೇ ನಿಂತ್ರೆ ಪಿಟಿಒ ಇಲ್ಲಾ ಪಂಪು. ಖಚಿತ ಮಾಡ್ಕೊಳ್ಳೋಕೆ ಪಿಟಿಒ ಲಿವರನ್ನ ನ್ಯೂಟ್ರಲ್ಲಿಗೆ ತಂದು ನೋಡು. ಪಂಪೇ ಆದ್ರೂ ಬದಲಾಯಿಸೋ ಯೋಚನೆ ಈಗ್ಲೇ ಬೇಡ, ಹಿಂದಿನ ಆಯಿಲ್ ಕಮ್ಮಿ ಆದ್ರೂ, ಆಯಿಲ್ ಸೋಸೋ ಸ್ಟ್ರೈನರ್ ಕಟ್ಕೊಂಡಿದ್ರೂ ಅದು ಕೂಗುತ್ತೆ. ತುಳಿದಾಗ ಮಾತ್ರ ಹೊಸ ಸದ್ದು ಶುರುವಾದ್ರೆ ಕ್ಲಚ್ಚಿನ ಬೇರಿಂಗು, ಆದ್ರೆ ನಿಂದು ಹಾಗಿಲ್ಲ.

ಚಕ್ರಕ್ಕೆ ಅಡ್ಡ ಕಲ್ಲಿಡು, ಹ್ಯಾಂಡ್ ಬ್ರೇಕ್ ಹಾಕು, ಹೆಗಲ ಮೇಲೆ ಟವೆಲ್ ಇಟ್ಕೊಂಡು ಫ್ಯಾನ್ ಹತ್ರ ಬಗ್ಗಬೇಡ. ಒಬ್ಬನೇ ಮಾಡ್ಬೇಡ, ತಮ್ಮನ್ನ ಸೀಟಲ್ಲಿ ಕೂರಿಸ್ಕೋ.

ಮಾಡಿದ್ಮೇಲೆ ಮೂರು ರೆಕಾರ್ಡಿಂಗು ಕಳ್ಸು: ಕ್ಲಚ್ ಅರ್ಧ ತುಳಿದಾಗ, ಪೂರ್ತಿ ತುಳಿದಾಗ, ಟ್ಯಾಪೆಟ್ ಕವರ್ ತೆಗೆದಾಗ. ಫೋನು ಸೈಲೆನ್ಸರಿಂದ ದೂರ ಹಿಡಿ, ಇಲ್ಲಾಂದ್ರೆ ಅದರ ಸದ್ದೇ ಎಲ್ಲಾ ನುಂಗಿಬಿಡುತ್ತೆ. ಆಯಿಲ್ ಗೇಜಿಂದೊಂದು ಫೋಟೋನೂ ಹಾಕು, ಎಂಜಿನ್ ಬಿಸಿಯಾದ್ಮೇಲೆ ತೆಗೆದದ್ದು.